ಕೆಂಪಿಗೆ ಜೊತೆಯಾದ ಗಾಜು

ಹೊಳೆ ದಂಡೆಯ ಆಶ್ರಮದಲ್ಲಿ ದೇವೀರವ್ವ ದೀಪದ ಉರಿಗೆ ಬಣ್ಣದ ಗಾಜು ಹಿಡಿದು ಮಣಿ ಮಾಡುತ್ತಿದ್ದಳು.

ಅಲ್ಲಿ ಒಂದು ಕಟ್ಟಳೆ ಇತ್ತು. ಎರಡು ಬಣ್ಣದ ಮಣಿಯೊಂದನ್ನು ಬಿರುಕಿಲ್ಲದೆ ಮಾಡಿದವರ ಕೊರಳಿಗೆ ಆ ಮಣಿಯನ್ನು ಅವ್ವನೇ ಕಟ್ಟುತ್ತಿದ್ದಳು. ಕಟ್ಟಿಸಿಕೊಂಡವರು ಅವಳ ಶಿಷ್ಯರು, ಆಮೇಲೆ ಮನೆಗೆ ಮರಳುವ ಮಾತೇ ಇಲ್ಲ. ಮೂರು ಸಲ ಒಡೆದರೆ ಮಾತ್ರ ಗಂಟುಮೂಟೆ ಕಟ್ಟಬೇಕು.

ಶಿಷ್ಯನಾಗಬೇಕೆಂದು ಬಂದಿದ್ದ ನಿಂಗಯ್ಯನ ಮಣಿಗಳು ಆಗಲೇ ಎರಡು ಒಡೆದಿದ್ದವು.

ಎರಡು ಸಲವೂ ಅದೇ ಕತೆ. ಉರಿಯಲ್ಲಿ ನೋಡಿದರೆ ಕಣ್ಣು ಕೀಳಲಾಗದಷ್ಟು ಚಂದ. ಆರಲೆಂದು ಬಿಸಿ ಬೂದಿಯಲ್ಲಿ ಹುಗಿದಿಟ್ಟು ತೆಗೆದರೆ ಕೆಂಪು ಒಂದು ಕಡೆ, ನೀಲಿ ಒಂದು ಕಡೆ.

ಮೂರನೆಯ ಸಲ ಅವನು ಗಾಜಿನ ಕಡ್ಡಿ ಹಿಡಿದು ಬಂದಾಗ ಅವ್ವ ಕೇಳಿದಳು, “ಮತ್ತೆ ಇವೇ ಎರಡಾ?”

“ಇವೇ ಅವ್ವಾ! ಈ ಕೆಂಪು, ಈ ನೀಲಿ, ಪಕ್ಕಪಕ್ಕ ಇಟ್ಟು ನೋಡಿ. ಎಂಥಾ ಜೋಡಿ!”

“ಮತ್ತೆ ಒಡೆದಿದ್ದು ಯಾಕೋ?”

“ಯಾರದೋ ಕಣ್ಣು ಬಿದ್ದಿರಬೇಕು.”

ಅವ್ವ ನಕ್ಕುಬಿಟ್ಟಳು. ಎರಡೂ ಕಡ್ಡಿಗಳ ತುದಿ ಕರಗಿಸಿ ಒಂದಕ್ಕೊಂದು ಅಂಟಿಸಿದಳು. ಉರಿಯಿಂದ ಈಚೆ ತಂದು ಸರ್ರನೆ ಎಳೆದಳು. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ನೀಲಿ, ಅಂಥ ಒಂದು ಸಣ್ಣ ಎಳೆ ನೆಟ್ಟಗೆ ಬಂತು. ಅದನ್ನು ಕಲ್ಲಿನ ಮೇಲಿಟ್ಟಳು.

“ಮುಟ್ಟಬೇಡ. ಸುಮ್ನೆ ನೋಡ್ತಾ ಇರು.”

ಎಳೆ ಆರುತ್ತಾ ಬಂತು. ಆರುತ್ತಾ ಆರುತ್ತಾ ತಾನಾಗೇ ಬಾಗತೊಡಗಿತು.

“ಅಯ್ಯಯ್ಯೋ! ಯಾರೂ ಮುಟ್ಟಲಿಲ್ಲ ಅವ್ವಾ!”

“ಆರುವಾಗ ಒಂದು ಹೆಚ್ಚು ಕುಗ್ಗುತ್ತೆ, ಇನ್ನೊಂದು ಕಡಿಮೆ. ಎಳೆಯಾದರೆ ಬಾಗುತ್ತೆ. ಮಣಿಗೆ ಬಾಗೋಕೆ ಜಾಗ ಎಲ್ಲಿದೆ? ಒಡೆಯುತ್ತೆ.”

“ಹಾಗಾದ್ರೆ ತಪ್ಪು ಯಾರದು? ಕೆಂಪಿನದಾ, ನೀಲಿಯದಾ?”

“ನೀಲಿಯೊಬ್ಬಳನ್ನೇ ಮಣಿ ಮಾಡಿ ನೋಡು. ನೂರು ವರ್ಷ ಬಾಳ್ತಾಳೆ. ಕೆಂಪೂ ಅಷ್ಟೇ.”

ನಿಂಗಯ್ಯನಿಗೆ ಹುಚ್ಚೇ ಹಿಡಿದಂತಾಯಿತು. ಡಬ್ಬಿಯಲ್ಲಿದ್ದ ಕಡ್ಡಿಗಳನ್ನೆಲ್ಲ ಸುರುವಿಕೊಂಡ. ಕೆಂಪಿಗೆ ಹಸಿರು ಅಂಟಿಸಿ ಎಳೆದ, ಬಾಗಿತು. ಬಿಳಿ ಅಂಟಿಸಿದ, ಅದೂ ಬಾಗಿತು. ಊಟಕ್ಕೆ ಕರೆದರೆ “ಬಂದೆ, ಬಂದೆ” ಅನ್ನುತ್ತಾನೆ, ಕೂತಲ್ಲಿಂದ ಏಳುವುದಿಲ್ಲ. ಎರಡು ಬೆರಳು ಸುಟ್ಟುಕೊಂಡ. ಅಷ್ಟು ಖುಷಿ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಡಬ್ಬಿಯ ತಳದಲ್ಲಿ ಒಂದು ಮಂಕು ಹಳದಿ ಸಿಕ್ಕಿತು, ಹಳೇ ಕೊಬ್ಬರಿ ಎಣ್ಣೆಯ ಬಣ್ಣ. ಬಂದು ಮೂರು ತಿಂಗಳಾದರೂ ಅದನ್ನು ಅವನು ಒಮ್ಮೆಯೂ ಕೈಗೆತ್ತಿಕೊಂಡಿರಲಿಲ್ಲ. ಅಂಟಿಸಿ ಎಳೆದ. ಎಳೆ ಪೂರಾ ಆರಿತು. ನೆಟ್ಟಗೇ ಇತ್ತು.

“ಅವ್ವಾ! ಬಾಗಲಿಲ್ಲ! ಬನ್ನಿ, ಬೇಗ ಬನ್ನಿ!”

ಜೇಡಿಮಣ್ಣು ಸವರಿದ ಸರಳಿಗೆ ಕರಗಿದ ಕೆಂಪು ಗಾಜು ಸುತ್ತಿದ. ಮೇಲೆ ಹಳದಿ ಚುಕ್ಕೆ ಇಟ್ಟ. ಬೂದಿಯಲ್ಲಿ ಹುಗಿದ.

ಮರುದಿನ ಬೆಳಗ್ಗೆ ಎದ್ದವನೇ ಬೂದಿ ಕೆದಕಿದ. ಮಣಿ ಇಡಿಯಾಗಿತ್ತು! ಕೆಂಪಿನ ಮೇಲೆ ಕೂತ ಆ ಮಂಕು ಹಳದಿ ಜೇನಿನ ಹಾಗೆ ಬೆಳಗುತ್ತಿತ್ತು.

ಕುಣಿಯುತ್ತಾ ಓಡಿಬಂದು ಅವ್ವನ ಕಾಲಿಗೆ ಬಿದ್ದ.

“ಕಟ್ಟಿಬಿಡಿ ಅವ್ವಾ, ಈಗಲೇ ಕಟ್ಟಿಬಿಡಿ! ಸಾಯೋವರೆಗೂ ಈ ದೀಪ ಬಿಟ್ಟು ಕದಲೋದಿಲ್ಲ. ಮನೆ ಬೇಡ, ಊರು ಬೇಡ, ಏನೂ ಬೇಡ ನಂಗೆ!”

ಅವ್ವ ಮಣಿಯನ್ನು ಬಿಸಿಲಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದಳು. ಒಂದು ಬಿರುಕೂ ಇರಲಿಲ್ಲ. ತಲೆದೂಗಿ, ಅದನ್ನು ಮರಳಿ ಅವನ ಅಂಗೈಯಲ್ಲೇ ಇಟ್ಟಳು.

“ಮಣಿ ಆರಿದೆ, ನೀನಿನ್ನೂ ಆರಿಲ್ಲ. ಹೋಗು, ಹೊಳೆಯಲ್ಲಿ ಮಿಂದು ಬಾ, ಉಂಡು ಮಲಗು, ಒಂದು ವಾರ ಕಳೀಲಿ. ಆಗಲೂ ಬಾಯಲ್ಲಿ ಇದೇ ಮಾತು ಬಂದರೆ, ದಾರ ನಾನೇ ತರ್ತೀನಿ.”