ಒಂದು ಬೆರಳು ಎತ್ತರದ ಮೆಟ್ಟಿಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹೊಲಿಗೆ ಕ್ಲಾಸಿನ ಇಂದುಮತಿಬಾಯಿ. ರವಿಕೆಯ ಒಳಮಡಿಕೆಯಲ್ಲಿ ಬಿಟ್ಟ ಹೆಚ್ಚಿನ ಬಟ್ಟೆ ಕಂಡು, ಇದ್ಯಾಕೆ ದಂಡ ಎಂದು ಹೊಸ ಹುಡುಗಿಯರು ಕತ್ತರಿ ಎತ್ತಿದಾಗಲೆಲ್ಲ, ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿ ಇದನ್ನು ಹೇಳುತ್ತಿದ್ದರು. ಆ ಒಳಮಡಿಕೆಯ ಬೆಲೆ, ವಯಸ್ಸು ನಲವತ್ತು ದಾಟಿ ರವಿಕೆ ಬಿಗಿಯಾದ ಮೇಲೆ ತಾನಾಗಿಯೇ ತಿಳಿಯುತ್ತದೆ. ಕತೆಯ ಬೆಲೆಯೂ ಹಾಗೆಯೇ. ಅವರು ಹೇಳಿದಂತೆಯೇ ಹೇಳುತ್ತೇನೆ.

ಒಂದು ಮಠದಲ್ಲಿ ಶಿಷ್ಯನೊಬ್ಬ ಗುರುವಿನ ಮುಂದೆ ಬಂದು ನಿಂತ. ಮಠ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೈಯಲ್ಲಿ ಎಣ್ಣೆಯ ಬಟ್ಟಲು ಇತ್ತು.

"ಬುದ್ಧೀ, ತಪ್ಪು ಕಣ್ಣಿಗೆ ಬಿದ್ದರೆ ತಿದ್ದಬೇಕೋ, ಸುಮ್ಮನಿರಬೇಕೋ?"

"ಯಾವ ತಪ್ಪು?"

"ಹಿತ್ತಿಲ ಬಾಗಿಲು. ತೆಗೆದಾಗಲೆಲ್ಲ ಕಿರುಗುಟ್ಟುತ್ತದೆ. ಎಣ್ಣೆ ಬಿಡೋಣ ಎಂದರೆ ಅಡುಗೆಯವರು ಬೇಡ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ, ಮೊದಲಿಂದ ಹಾಗೇ ಇದೆ ಅನ್ನುತ್ತಾರೆ. ಮೊದಲಿಂದ ಇದ್ದ ಮಾತ್ರಕ್ಕೆ ಸರಿಯಾಗಿಬಿಡುತ್ತದೆಯೇ?"

"ಇಲ್ಲ" ಎಂದರು ಗುರು. "ಬಟ್ಟಲು ಕೆಳಗಿಟ್ಟು ಕೂತುಕೋ. ಎಣ್ಣೆ ಎಲ್ಲಿಗೂ ಓಡಿಹೋಗುವುದಿಲ್ಲ."

ಶಿಷ್ಯ ಕೂತ. ಬಟ್ಟಲು ಮಾತ್ರ ಕೈಯಲ್ಲೇ ಉಳಿಯಿತು. ಗುರು ಹೇಳತೊಡಗಿದರು.

ಒಬ್ಬ ಕಲ್ಲುಕುಟಿಗನಿದ್ದ. ಅವನು ಕೂರಿಸಿದ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಯಾವ ಕಡೆ ಹರಿಯಬೇಕೆಂದು ನೀರಿಗೇ ತೋಚುತ್ತಿರಲಿಲ್ಲ. ಅಷ್ಟು ಮಟ್ಟಸ. ಕೆಲಸ ಮನಸ್ಸಿಗೆ ಬಂದರೆ ಕಲ್ಲಿನ ಮೂಲೆಯಲ್ಲಿ ಒಂದು ಪುಟ್ಟ ಮೀನು ಕೆತ್ತುತ್ತಿದ್ದ. ಅದು ಅವನ ಗುರುತು. ಮೀನು ಕಂಡ ಕಡೆ ಜನ, ಇದು ಇಂಥವನ ಕೈ ಎಂದು ತಿಳಿಯುತ್ತಿದ್ದರು.

ದೂರದ ಊರಿನಲ್ಲಿ ಕೆರೆಗೆ ತೂಬು ಕಟ್ಟಲು ಅವನಿಗೆ ಕರೆ ಬಂತು. ಹೊರಟ. ಅವನಿಗೆ ದಾರಿ ನಡೆಯುವುದೆಂದರೆ ಹಿಗ್ಗು. ಯಾವ ಊರಿನವರು ಯಾವ ಉಪಾಯ ಹೂಡಿದ್ದಾರೆ ಎಂದು ನೋಡುತ್ತ, ನಗುತ್ತ ಹೋಗುತ್ತಿದ್ದ.

ಒಂದು ದಿಣ್ಣೆಯ ಮೇಲೆ ಹೊರೆಗಲ್ಲು ಕಂಡ. ತಲೆಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ಹೊರೆಗಲ್ಲು ಅವನಿಗೆ ಹೊಸದಲ್ಲ. ಆದರೆ ಇಲ್ಲಿ ಎತ್ತರದ ಕಲ್ಲಿನ ಪಕ್ಕದಲ್ಲಿ ಒಂದು ಕುಳ್ಳ ಕಲ್ಲೂ ನಿಂತಿತ್ತು. ಹುಲ್ಲು ಹೊರುವ ಹುಡುಗಿಯರ ಅಳತೆಗೆ. ಕಲ್ಲುಕುಟಿಗ ಅದರ ನೆತ್ತಿ ಸವರಿ "ಭಲೆ" ಎಂದ.

ಮುಂದಿನ ಊರಿನ ಸಂತೆಯಲ್ಲಿ ಒಬ್ಬ ಮಜ್ಜಿಗೆ ಮಾರುತ್ತಿದ್ದ. ಅವನ ಲೋಟಗಳ ಬುಡವೆಲ್ಲ ದುಂಡಗಿತ್ತು. ಕೆಳಗಿಟ್ಟರೆ ಉರುಳುತ್ತಿದ್ದವು.

"ಇದೇನಯ್ಯ, ನಿನ್ನ ಲೋಟಕ್ಕೆ ಕೂರೋಕೇ ಬರಲ್ಲ?"

"ಲೋಟ ಕೂತ್ರೆ ಗಿರಾಕಿನೂ ಕೂರ್ತಾನೆ ಸ್ವಾಮಿ. ಮೊದಲು ಒಂದು ಲೋಟ ಮಜ್ಜಿಗೆ ಹಿಡ್ಕೊಂಡು ಊರಿನ ಜಗಳ ಎಲ್ಲ ತೀರ್ಮಾನ ಮಾಡಿ ಏಳ್ತಿದ್ರು. ಈಗ ಕುಡೀತಾರೆ, ಕೊಡ್ತಾರೆ, ನಡೀತಾರೆ."

ಕಲ್ಲುಕುಟಿಗ ಊರ ಗಡಿ ದಾಟುವವರೆಗೂ ನಗುತ್ತಲೇ ಇದ್ದ.

ನಡುಹಗಲಿಗೆ ದಾರಿಯ ಬದಿಯಲ್ಲಿ ಒಂದು ಛತ್ರ ಸಿಕ್ಕಿತು. ಮೂರು ಮೆಟ್ಟಿಲು, ಮೇಲೆ ಜಗಲಿ, ಜಗಲಿಯಾಚೆ ಬಾಗಿಲು. ಒಂದು ಹತ್ತಿದ, ಎರಡು ಹತ್ತಿದ, ಮೂರನೆಯದಕ್ಕೆ ಹೆಬ್ಬೆರಳು ಬಡಿಯಿತು. ಮುಗ್ಗರಿಸಿದವನು ಪಕ್ಕದ ಕಂಬ ಹಿಡಿದು ನಿಂತ. ಬಾಯಿಂದ ತಾನಾಗಿ "ಅಮ್ಮಾ" ಎಂದು ಬಂತು.

"ಓ" ಎಂದು ಒಳಗಿನಿಂದ ಒಂದು ದನಿ. "ಬಂದೆಯಾ ಮಗಾ? ಕೊಡದಲ್ಲಿ ನೀರಿದೆ, ಕೈಕಾಲು ತೊಳ್ಕೊಂಡು ಬಾ. ಎಲೆ ಹಾಕಿಸ್ತೀನಿ."

ನಡುಮನೆಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ಮಂಡಿ ಹಿಡಿದುಕೊಂಡು ಹೊರಗೆ ಓಡಾಡುವುದೂ ನಿಂತಿತ್ತು. ಹಿಂದಿನ ಅಡುಗೆಮನೆಯಿಂದ ಅವಳ ಸೋದರಳಿಯ, ತಮ್ಮನ ಮಗ, ಅನ್ನ ತಂದು ಬಡಿಸಿದ.

"ನಿಮ್ಮ ಮೆಟ್ಟಿಲು ಸರಿಯಿಲ್ಲ ಅಜ್ಜಿ" ಎಂದ ಕಲ್ಲುಕುಟಿಗ. "ಬೆರಳು ಕಿತ್ತುಬರೋದು ಒಂದು ಬಾಕಿ."

"ಎಲ್ಲರೂ ಹಾಗೇ ಅಂತಾರೆ. ಸಾರು ಆರುತ್ತೆ, ಉಣ್ಣು."

ಯಾಕೆ ಹಾಗಿದೆ ಎಂದು ಅವನು ಕೇಳಲಿಲ್ಲ. ಕಸುಬು ಬಲ್ಲವನಿಗೆ ಕೇಳುವುದೇನಿದೆ? ಯಾರೋ ಸೋಮಾರಿ ಕೂರಿಸಿದ್ದು ಎಂದುಕೊಂಡ. ಉಂಡು ಎದ್ದಾಗ ಬಡಿಸಿದವನು ಮೆಲ್ಲಗೆ ಹೇಳಿದ: "ನೀವು ಬಂದದ್ದು ಒಳ್ಳೇದಾಯ್ತು. ಹೊಸಬರೊಬ್ಬರು ಉಣ್ಣದೆ ನಮ್ಮತ್ತೆ ತುತ್ತು ಎತ್ತಲ್ಲ. ಎಷ್ಟೋ ವರ್ಷದ ನೇಮ."

ಛತ್ರದವರು ಉಂಡದ್ದಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಕಲ್ಲುಕುಟಿಗನಿಗೆ ಋಣ ಉಳಿಸಿಕೊಂಡು ಹೋಗಲು ಮನಸ್ಸಾಗಲಿಲ್ಲ. ಅಜ್ಜಿ ಉಂಡು ಅಡ್ಡಾಗಿದ್ದಳು. ಅಳಿಯ ನೀರಿಗೆ ಹೋಗಿದ್ದ. ಇವನು ಹಾರೆ ಹಾಕಿ ಮೂರನೆಯ ಮೆಟ್ಟಿಲಿನ ಕಲ್ಲನ್ನು ಎಬ್ಬಿಸಿದ. ಅದರ ಅಡಿಯಲ್ಲಿ ಬೆರಳು ದಪ್ಪದ ಒಂದು ಚಪ್ಪಟೆ ಚಕ್ಕೆ ಇತ್ತು. ಸಂದಿಗೆ ತುರುಕುವ ಚೂರು ಹಾಗಿರುವುದಿಲ್ಲ. ನಾಲ್ಕೂ ಅಂಚು ಉಳಿ ಹಿಡಿದು ತಿದ್ದಿದ್ದು. ಎಡವಿದಾಗ ಹಿಡಿದುಕೊಂಡ ಕಂಬವೂ ಸರಿಯಾಗಿ ಅಂಗೈ ಬೀಳುವ ಎತ್ತರದಲ್ಲಿ ಕನ್ನಡಿಯ ಹಾಗೆ ನುಣುಪಾಗಿತ್ತು. ಎರಡನ್ನೂ ಅವನು ನೋಡಿದ. ನೋಡಿಯೂ ಚಕ್ಕೆಯನ್ನು ಬೇಲಿಗೆ ಎಸೆದ. ಮಜ್ಜಿಗೆ ಲೋಟದ ಜಾಣತನ ತಟ್ಟನೆ ಕಂಡ ಕಣ್ಣಿಗೆ ಇಲ್ಲಿ ಏನೂ ಕಾಣಲಿಲ್ಲ. ಇಲ್ಲಿ ಬಡಿದದ್ದು ಅವನ ಸ್ವಂತ ಹೆಬ್ಬೆರಳಿಗೆ.

ಕಲ್ಲು ಅಲುಗದ ಹಾಗೆ, ಮಟ್ಟಸವಾಗಿ ಕೂರಿಸಿದ. ಮೂಲೆಯಲ್ಲಿ ಮೀನು ಕೆತ್ತಿದ. ಯಾರಿಗೂ ಹೇಳದೆ ಹೊರಟ. ಒಳ್ಳೆಯದು ಮಾಡಿ ಹೇಳದೆ ಹೋಗುವುದರಲ್ಲಿ ಒಂದು ಸುಖ ಇದೆಯಲ್ಲ, ಅದೂ ಅವನಿಗೆ ದಾರಿಯುದ್ದಕ್ಕೂ ಜೊತೆಯಾಯಿತು.

ತೂಬಿನ ಕೆಲಸ ಮುಗಿಯುವ ಹೊತ್ತಿಗೆ ಬೇಸಿಗೆ ಕಳೆದು ಚಳಿ ಬಂದಿತ್ತು. ವಾಪಸು ಬರುವಾಗ ಅದೇ ಛತ್ರ. ಮೆಟ್ಟಿಲು ಹತ್ತಿದ. ಕಾಲು ನೀರಿನ ಮೇಲೆ ಜಾರಿದ ಹಾಗೆ ಮೇಲಕ್ಕೆ ಬಂತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಆಮೇಲೆ ಕಾದ. ಯಾರೂ ಕರೆಯಲಿಲ್ಲ.

ಜಗಲಿಯ ಮೂಲೆಯಲ್ಲಿ ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕಣ್ಣು ಬಾಗಿಲ ಕಡೆಗಿತ್ತು.

"ಒಳಗೆ ಹೋಗಬಾರದೇನಮ್ಮ?"

"ಇಲ್ಲಿ ಊಟ ಹಾಕ್ತಾರೆ ಅಂತ ಯಾರೋ ಹೇಳಿದ್ರಣ್ಣ. ಯಾರೂ ಕರೀಲಿಲ್ಲ. ಕರೀದೆ ಹೆಂಗೆ ಹೋಗೋದು? ನೀರು ಕುಡಿದೆ, ಇನ್ನು ಹೊರಡ್ತೀನಿ."

ಕಲ್ಲುಕುಟಿಗ ಒಳಗೆ ಇಣುಕಿದ. ಅಜ್ಜಿ ಅಲ್ಲೇ ಕೂತಿದ್ದಳು, ಆದರೆ ಅರ್ಧ ಆಗಿದ್ದಳು. ಮುಂದೆ ಎಲೆ ಹಾಸಿತ್ತು. ಎಲೆಯಲ್ಲಿ ಏನೂ ಇರಲಿಲ್ಲ. ಅಳಿಯ ದೊಡ್ಡ ಹಂಡೆಯನ್ನು ಗೋಣಿಯಲ್ಲಿ ಸುತ್ತುತ್ತಿದ್ದ.

"ಯಾರೂ ಬರ್ತಿಲ್ಲ ಸ್ವಾಮಿ" ಎಂದ ಅವನು, ಕೇಳುವ ಮೊದಲೇ. "ಬೀಗ ಹಾಕಿ ಅತ್ತೇನ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಧೈರ್ಯ ಮಾಡಿ ಯಾರಾದ್ರೂ ಕೂಗಿದ ದಿನ ಇವರಿಗೆ ಊಟ. ಇಲ್ಲದ ದಿನ ಒಂದು ಗುಟುಕು ಮಜ್ಜಿಗೆ. ಹೀಗೇ ಬಿಟ್ರೆ ನನ್ನ ಕಣ್ಣೆದುರಿಗೇ ಹೋಗಿಬಿಡ್ತಾರೆ."

"ಯಾರೂ ಬರ್ತಿಲ್ಲ ಅಂದ್ರೆ? ಹೊರಗೆ ಒಬ್ಬಳು ಕೂತಿದ್ದಾಳೆ."

ಅಳಿಯ ಗೋಣಿ ಬಿಟ್ಟು ಹೊರಗೆ ಓಡಿದ. ಅಜ್ಜಿಯ ಮುಖ ದನಿ ಬಂದ ಕಡೆಗೆ ತಿರುಗಿತು.

"ಬರ್ತಾರಪ್ಪ, ಯಾಕೆ ಬರಲ್ಲ? ಬರೋದು ನನಗೆ ಕೇಳಿಸಲ್ಲ, ಹಿಂದೆ ಒಲೆ ಮುಂದೆ ಇರೋ ಇವನಿಗೂ ಕಾಣಲ್ಲ. ನನ್ನ ಕಣ್ಣು ಮಂಜಾದ ವರ್ಷ ನಮ್ಮೆಜಮಾನ್ರು ಆ ಮೆಟ್ಟಿಲು ಒಂದು ಬೆರಳು ಎತ್ತರಿಸಿದ್ರು. ಬೀಳದ ಹಾಗೆ ಪಕ್ಕದಲ್ಲೇ ಕಂಬ ನಿಲ್ಲಿಸಿದ್ರು. ಊರಿನವರಿಗೆ ಗೊತ್ತು, ಕಾಲೆತ್ತಿ ಬರ್ತಾರೆ. ಅವರನ್ನ ಕರೀಬೇಕಾಗಿಲ್ಲ, ಬೇಡ ಅಂದ್ರೂ ಉಂಡು ಹೋಗ್ತಾರೆ. ಹೊಸಬರು ಎಡವ್ತಾರೆ. ಹಸಿದವರು ಊಟ ಕೇಳೋಕೆ ನಾಚ್ಕೋತಾರೆ ಮಗಾ. ಎಡವಿದವರು ಅಮ್ಮಾ ಅನ್ನೋಕೆ ನಾಚ್ಕೊಳ್ಳಲ್ಲ."

ಕಲ್ಲುಕುಟಿಗ ಹೊರಗಿನ ಮೆಟ್ಟಿಲ ಕಡೆ ತಿರುಗಿ ನೋಡಿದ.

"ಮತ್ತೆ ಮೊದಲಿನ ಹಾಗೆ ಮಾಡಿಸಬಾರದಿತ್ತಾ?"

ಉತ್ತರ ಕೊಟ್ಟದ್ದು ಹೆಂಗಸನ್ನೂ ಮಗುವನ್ನೂ ಒಳಗೆ ಕರೆತರುತ್ತಿದ್ದ ಅಳಿಯ. "ಸುತ್ತಲಿನ ಕಲ್ಲುಕುಟಿಗರನ್ನೆಲ್ಲ ಕರೆಸಿದೆ. ಬಂದು ನೋಡಿ, ಇಷ್ಟು ಚೆಂದಾಗಿ ಕೂತಿರೋ ಕಲ್ಲನ್ನ ಕೆಡಿಸೋ ಪಾಪ ನಮಗೆ ಬೇಡ, ನಮ್ಮ ಹೆಸರು ಹೋಗುತ್ತೆ ಅಂದ್ರು. ನಾನೇ ಹಾರೆ ಹಾಕಿದೆ. ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಅದೆಂಥ ಕೈಯಪ್ಪ ಕೂರಿಸಿದ್ದು."

ತನ್ನ ಕಸುಬಿನವರ ಬಾಯಲ್ಲಿ ಇಂಥ ಮಾತು ಬರಲಿ ಎಂದು ಅವನು ಜೀವನವಿಡೀ ಕಾದಿದ್ದ. ಬಂತು. ತಲೆ ತಗ್ಗಿಸಿ ಕೇಳಿಸಿಕೊಂಡ.

"ಅಜ್ಜಿ, ಆ ಕೈ ನನ್ನದೇ."

"ಗೊತ್ತು" ಎಂದಳು ಅಜ್ಜಿ. "ದನಿ ಕೇಳಿದ ಕೂಡಲೇ ಗೊತ್ತಾಯ್ತು. ಕೊನೇಲಿ ಎಡವಿದವನು ನೀನೇ ಅಲ್ವಾ? ನೀನಾದ ಮೇಲೆ ಯಾರೂ ಎಡವಲಿಲ್ಲ. ಮೊದಲು ಆ ಕೂಸಿನ ತಾಯಿ ಉಣ್ಣಲಿ. ನೀನೂ ಉಣ್ಣು. ಬೈಯೋದಿದ್ರೆ ನಾನು ಉಂಡ ಮೇಲೆ ಬೈತೀನಿ, ಈಗ ಶಕ್ತಿಯಿಲ್ಲ."

ಹೆಂಗಸು ಉಂಡಳು. ಅಜ್ಜಿ ಉಂಡಳು. ಬೈಯುವುದನ್ನು ಮರೆತಳೋ ಬಿಟ್ಟಳೋ, ಬೈಯಲಿಲ್ಲ.

ಕಲ್ಲುಕುಟಿಗ ಮಾತ್ರ ಬೇಲಿಯಲ್ಲಿದ್ದ. ಮುಳ್ಳು ಸರಿಸಿ ಸರಿಸಿ ಆ ಚಕ್ಕೆಯನ್ನು ಹುಡುಕಿ ತಂದ. ತನ್ನ ಕೈ ಎಷ್ಟು ಗಟ್ಟಿ ಎಂದು ಅವನಿಗೆ ಅವತ್ತು ತಿಳಿಯಿತು. ಕಲ್ಲು ಏಳುವಷ್ಟರಲ್ಲಿ ಬೆವರು ಕಿತ್ತುಬಂತು. ಅಡಿಯಲ್ಲಿ ಚಕ್ಕೆ ಇಟ್ಟು, ಮೇಲೆ ಕಲ್ಲು ಕೂರಿಸಿದ. ಒಂದು ಬೆರಳು ಎತ್ತರ. ತೊಂದರೆ ಏನೆಂದರೆ, ಮೂಲೆಯ ಮೀನು ಈಗ ಎಡವಿದವರ ಕಣ್ಣು ಬೀಳುವ ಜಾಗದಲ್ಲೇ ಇತ್ತು.

"ಅದನ್ನ ಕೆತ್ತಿ ಹಾಕಿಬಿಡಿ ಸ್ವಾಮಿ" ಎಂದ ಅಳಿಯ, ಮರುಕದಿಂದ. "ದಾರಿಹೋಕರೆಲ್ಲ ನಿಮ್ಮನ್ನೇ ಬೈತಾರೆ."

ಕಲ್ಲುಕುಟಿಗ ಮೀನಿನ ಮೇಲೆ ಉಳಿ ಇಟ್ಟ. ಸುತ್ತಿಗೆ ಎತ್ತಿದ. ಈ ಮೀನನ್ನು ನಂಬಿ ಜನ ಅವನನ್ನು ಕೆರೆಗೆ, ಕೋಟೆಗೆ ಕರೆಯುತ್ತಿದ್ದರು. ಎತ್ತಿದ ಸುತ್ತಿಗೆಯನ್ನು ಹಾಗೆಯೇ ಇಳಿಸಿದ.

"ಬೈಯಲಿ ಬಿಡಪ್ಪ. ಬೈದದ್ದೂ ಒಳಗೆ ಕೇಳಿಸುತ್ತೆ."

ಅವನು ಗಂಟು ಕಟ್ಟಿಕೊಂಡು ಮರದ ನೆರಳಿಗೆ ಹೋಗುವಷ್ಟರಲ್ಲಿ ಒಬ್ಬ ಬಳೆಗಾರ ಬಂದ. ಒಂದು ಹತ್ತಿದ, ಎರಡು ಹತ್ತಿದ, ಮೂರನೆಯದಕ್ಕೆ ಮುಗ್ಗರಿಸಿ ಕಂಬ ಹಿಡಿದ. ಹೆಗಲ ಮಲಾರದಲ್ಲಿ ಬಳೆಗಳು ಘಲ್ಲೆಂದವು.

"ಅಮ್ಮಾ!" ಎಂದ. ಕೆಳಗೆ ನೋಡಿ, "ಯಾವನಯ್ಯ ಈ ಮೀನಿನವನು? ಕಣ್ಣು ಕಟ್ಕೊಂಡು ಕೂರಿಸಿದನಾ?" ಎಂದ.

"ಓ" ಎಂದಿತು ಒಳಗಿನ ದನಿ. "ಬಂದೆಯಾ ಮಗಾ?"

ಕಲ್ಲುಕುಟಿಗ ಮರದಡಿ ಅಷ್ಟು ಕೇಳಿಸಿಕೊಂಡು, ತನ್ನ ಊರಿನ ದಾರಿ ಹಿಡಿದ.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕೈಯಲ್ಲಿದ್ದ ಬಟ್ಟಲನ್ನು ನೋಡಿಕೊಂಡ.

"ಹಾಗಾದರೆ ಬುದ್ಧೀ, ತಿದ್ದಲೇಬಾರದೇ?"

"ತಿದ್ದು. ಆದರೆ ಮೊದಲು ಒಮ್ಮೆ ಎಡವಿ, ಒಳಗಿನಿಂದ ಯಾರು ಓಗೊಡುತ್ತಾರೆ ಎಂದು ಕೇಳಿಸಿಕೋ."

ಆ ಹೊತ್ತಿಗೆ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಶಿಷ್ಯ ಮೊದಲ ಸಲ ಬಟ್ಟಲನ್ನು ಕೆಳಗಿಟ್ಟು, ಆ ಕಡೆಗೆ ಕಿವಿಗೊಟ್ಟ.

ಇಂದುಮತಿಬಾಯಿ ಇಲ್ಲಿಗೆ ಮುಗಿಸಿ, ಹುಡುಗಿಯ ಕೈಯಿಂದ ಕತ್ತರಿ ತೆಗೆದುಕೊಂಡು ಮೇಜಿನ ಮೇಲೆ ಇಡುತ್ತಿದ್ದರು. ಮತ್ತೆ ಮಿಷನ್ ತುಳಿಯುವ ಮೊದಲು ಒಂದೇ ಮಾತು ಹೇಳುತ್ತಿದ್ದರು, ನಿಮಗೂ ಅದನ್ನೇ ಹೇಳುತ್ತೇನೆ: "ಇದನ್ನ ನಿನ್ನಲ್ಲೇ ಇಟ್ಕೋಬೇಡ. ಯಾರಾದ್ರೂ ಕತ್ತರಿ ಎತ್ತಿದ್ದು ಕಂಡ್ರೆ, ಅವರು ಕತ್ತರಿಸೋಕೆ ಮುಂಚೆ ಹೇಳು."