ಹುಲ್ಲು ಬೆಳೆದ ಬಾಗಿಲು

"ಗುರುಗಳೇ, ಪರರ ದುಃಖ ಕಂಡು ಅಳುವವನಲ್ಲಿ ಕರುಣೆ ಇದ್ದೇ ಇರುತ್ತದಲ್ಲವೇ?" ಎಂದು ಶಿಷ್ಯ ಕೇಳಿದ. ಗುರು ಒಂದು ಕತೆ ಹೇಳಿದರು.

ಹಿಂದೆ ಜಪಾನಿನ ಅರಮನೆಯಲ್ಲಿ ಶ್ರೀಮಂತರು ಚಿತ್ರಗಳ ಪಂದ್ಯ ಆಡುತ್ತಿದ್ದರು. ಎಡಪಕ್ಷ, ಬಲಪಕ್ಷ ಎಂದು ಎರಡು ಸಾಲು. ಒಬ್ಬರು ಒಂದು ಚಿತ್ರದ ಸುರುಳಿ ಬಿಚ್ಚಿದರೆ ಎದುರಿನವರು ಇನ್ನೊಂದನ್ನು ಬಿಚ್ಚುವರು. ಯಾವುದು ಮೇಲೆಂದು ತೀರ್ಪು ಆಗುವುದು. ಹೊಟ್ಟೆ ತುಂಬಿದವರಿಗೆ ಹೊತ್ತು ಹೋಗಬೇಕಲ್ಲ! ಆ ಅರಮನೆಯಲ್ಲಿ ಏನನ್ನೂ ಬಾಯಿಬಿಟ್ಟು ಬೇಡುವಂತಿರಲಿಲ್ಲ, ಅದು ಒರಟುತನ. ಬೇಕಾದದ್ದನ್ನು ಒಂದು ಹೂವಿನಲ್ಲೋ ಚಿತ್ರದಲ್ಲೋ ಸೂಚಿಸಬೇಕು, ಬಲ್ಲವರು ಅರಿತುಕೊಳ್ಳಬೇಕು.

ಅಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಇದ್ದಳು. ಗಂಡನನ್ನು ಉತ್ತರದ ಗಡಿಗೆ ಕಳಿಸಿದ್ದರು. ಅವಧಿ ಮುಗಿದು ವರ್ಷಗಳಾದರೂ ಯಾರೂ ಅವನನ್ನು ಹಿಂದಕ್ಕೆ ಕರೆಸಲಿಲ್ಲ. ಅವನು ಹಾಸಿಗೆ ಹಿಡಿದಿದ್ದಾನೆ, ಇನ್ನೊಂದು ಚಳಿಗಾಲ ತಡೆಯಲಾರ ಎಂದು ಆ ಕಡೆಯಿಂದ ಬಂದವನೊಬ್ಬ ಹೇಳಿಹೋದ. ಅವಳಿಗೆ ಜೀವ ಬಾಯಿಗೆ ಬಂತು. ಚಕ್ರವರ್ತಿಯ ಒಂದು ಮಾತು ಸಾಕಿತ್ತು.

ಅವಳು ಕುಂಚ ಹಿಡಿದು ತನ್ನ ಮನೆಯ ಬಾಗಿಲನ್ನೇ ಬರೆದಳು. ಹೊಸ್ತಿಲಿನ ತನಕ ಹುಲ್ಲು ಬೆಳೆದಿದೆ. ಹುಲ್ಲನ್ನು ಯಾರೂ ತುಳಿದಿಲ್ಲ. ಒಳಗೆ ಇಬ್ಬರಿಗೆ ಊಟ ಬಡಿಸಿದೆ. ಕಲ್ಲಿಗೂ ಅರ್ಥವಾಗುವಂಥ ಚಿತ್ರ.

ಪಂದ್ಯದ ದಿನ ಅದನ್ನು ಬಿಚ್ಚಿದಾಗ ಮಂತ್ರಿಗಳು ಅಂಗಿಯ ತೋಳಂಚಿನಿಂದ ಕಣ್ಣೊರೆಸಿಕೊಂಡರು. ಎದುರು ಪಕ್ಷದವರು ತಮ್ಮ ಚಿತ್ರವನ್ನು ಬಿಚ್ಚದೆಯೇ ಸೋಲೊಪ್ಪಿದರು. ಎಲ್ಲರಿಗೂ ತಿಳಿಯಿತು, ಇನ್ನು ಅವನು ಬರುತ್ತಾನೆ ಎಂದುಕೊಂಡಳು ಅವಳು.

ಚಕ್ರವರ್ತಿಯ ಕಣ್ಣೂ ಒದ್ದೆಯಾಗಿತ್ತು. "ಎಂಥ ಕೈ, ತಾಯಿ, ನಿನ್ನದು! ಆ ಹುಲ್ಲಿನ ಹಸಿರು ಬಣ್ಣವನ್ನು ಹೇಗೆ ಅರೆದೆ?" ಎಂದ.

ಅವಳು ರೂಢಿ ಮರೆತಳು. "ಪ್ರಭು, ಅದು ನನ್ನ ಮನೆಯ ಬಾಗಿಲು. ನನ್ನ ಗಂಡನನ್ನು ಕರೆಸಿಕೊಡಿ" ಎಂದು ಬಾಯಿಬಿಟ್ಟೇ ಬೇಡಿದಳು.

ಸಭೆ ಮುಖ ತಿರುಗಿಸಿತು. ಅಷ್ಟು ಒಳ್ಳೆಯ ಚಿತ್ರವನ್ನು ಮಾತಾಡಿ ಕೆಡಿಸಿದಳಲ್ಲ ಎಂದು ಯಾರೋ ಗೊಣಗಿದರು. ಚಕ್ರವರ್ತಿ ಮಾತ್ರ ಸಿಟ್ಟಾಗಲಿಲ್ಲ. ಮೆಲ್ಲಗೆ ನಕ್ಕ. "ಅವನು ಬಂದರೆ ಆ ಹುಲ್ಲು ಉಳಿದೀತೇ, ತಾಯಿ? ಬರುವ ವರ್ಷಕ್ಕೂ ಇಂಥದೊಂದು ಬರೆದುಕೊಡು" ಎಂದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳಿಗೆ ಬಹುಮಾನವಾಗಿ ಹೊಸ ಬಣ್ಣಗಳು ಸಿಕ್ಕವು. ಅವನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಅಷ್ಟರಲ್ಲಿ ಹಿಮ ಬೀಳತೊಡಗಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿ ಬಂದಿತ್ತು. ಉತ್ತರೀಯದಿಂದ ಒರೆಸಿಕೊಂಡು, "ಎಂಥ ಕತೆ, ಗುರುಗಳೇ! ಮರುವರ್ಷ ಅವಳು ಯಾವ ಚಿತ್ರ ಬರೆದಳು?" ಎಂದು ಕೇಳಿದ.

ಗುರು ಅವನನ್ನೇ ನೋಡಿದರು. "ಅವಳ ಗಂಡ ಬದುಕಿದನೇ ಎಂದು ನೀನೂ ಕೇಳಲಿಲ್ಲ."