ಲಂಟಾನದ ದಂಟಿಗೆ ನಾಲ್ಕು ಮೂಲೆ ಬಂದದ್ದು

ಭೂಮಿಯ ಮಣ್ಣು ಇನ್ನೂ ಬೆಚ್ಚಗಿದ್ದ ಕಾಲ, ಕಂದಾ. ಮರಗಳು ಮಾತಾಡುತ್ತಿದ್ದವು, ಗಾಳಿ ನಿಂತು ಕೇಳುತ್ತಿತ್ತು.

ಆಗ ಬೆಟ್ಟದ ಮೇಲೆ ಕೇತಮ್ಮ ಅಂತ ಒಬ್ಬಳಿದ್ದಳು. ಅವಳ ಗುಡಿಸಲ ಪಕ್ಕ ಒಂದು ನೆಲ್ಲಿಮರ. ಅದರ ಕಾಯಿ ತಿಂದೇ ಅವಳ ಮಕ್ಕಳು ಬೆಳೆದರು, ಜಿಂಕೆಗಳೂ ಬೆಳೆದವು.

ಒಂದು ದಿನ ಎಲ್ಲಿಂದಲೋ ಲಂಟಾನದ ಗಿಡ ಬಂತು. ದುಂಡನೆ ನುಣುಪು ದಂಟು, ತಲೆ ತುಂಬ ಹಳದಿ ಹೂವು. “ನೆಲ್ಲಿಯಕ್ಕಾ, ಚೂರು ಒರಗಿಕೊಳ್ಳಲಾ?” ಅಂತು.

“ಒರಗಿಕೋ,” ಅಂತು ನೆಲ್ಲಿ.

ಒರಗಿದ್ದು ಹೆಗಲೇರಿತು. ಹೆಗಲೇರಿದ್ದು ನೆತ್ತಿಗೇರಿತು. ನೆಲ್ಲಿಗೆ ಬಿಸಿಲೇ ಕಾಣದಾಯಿತು.

“ಕೇತಮ್ಮಾ, ಹಳದಿ ಹೂವಿನದೊಂದು ನೆತ್ತಿಗೇರಿದೆ, ಉಸಿರು ಕಟ್ತಾ ಇದೆ!”

ಕೇತಮ್ಮ ಓಡಿ ಬಂದಳು. “ಎಲ್ಲಿ ಆ ಹಳದಿ ಹೂವಿನದು?”

ಲಂಟಾನ ಸರಕ್ಕನೆ ಹೂವನ್ನೆಲ್ಲ ಗುಲಾಬಿ ಮಾಡಿಕೊಂಡಿತು. “ಹಳ್ಳದ ಕಡೆ ಹೋಯ್ತು ತಾಯಿ.”

ಅವಳು ಹಳ್ಳವೆಲ್ಲ ಹುಡುಕಿ ಬರುವಷ್ಟರಲ್ಲಿ ನೆಲ್ಲಿಯ ಒಂದು ಕೊಂಬೆ ಒಣಗಿತ್ತು. “ಗುಲಾಬಿ ಹೂವಿಂದೇ ಸುಳ್ಳು ಹೇಳಿದ್ದು!” ಅಂತ ಕೂಗಿದಳು.

ಲಂಟಾನ ಮತ್ತೆ ಹಳದಿಯಾಗಲು ಹೊರಟಿತು. ಹೂಗೊಂಚಲ ನಡುವೆ ಹಳದಿಯಾಯಿತು, ಸುತ್ತ ಇನ್ನೂ ಗುಲಾಬಿಯೇ. ಅಷ್ಟರಲ್ಲಿ ಕೇತಮ್ಮ ನೋಡಿಬಿಟ್ಟಳು.

ಎರಡೂ ಅಂಗೈ ನಡುವೆ ದಂಟನ್ನು ಒತ್ತಿ ಹಿಡಿದಳು. ಅದು ತಿರುಚಿಕೊಂಡಿತು. ಆ ಮಗ್ಗುಲನ್ನೂ ಒತ್ತಿದಳು. ದುಂಡನೆ ದಂಟು ನಾಲ್ಕು ಮೂಲೆಯಾಯಿತು.

“ಬಿಡು!” ಅಂತ ಲಂಟಾನ ಮೈತುಂಬ ಮುಳ್ಳೆಬ್ಬಿಸಿತು. ಅವಳ ಕೈಯಲ್ಲಿ ರಕ್ತ.

“ಬುಡಾಕಿಲ್ಲ.”

ಲಂಟಾನ ಎಲೆಯಿಂದ ಗಪ್ಪನೆ ನಾತ ಬಿಟ್ಟಿತು. ಜಿಂಕೆಗಳು ದೂರ ಓಡಿದವು.

“ಬುಡಾಕಿಲ್ಲ ಅಂದ್ರೆ ಬುಡಾಕಿಲ್ಲ.”

ಗಾಳಿ ಬೀಸುವುದು ಬಿಟ್ಟು ಬಂದು ನಿಂತಿತು. “ಸಾಕು ಬುಡವ್ವಾ, ಕೈ ಹರಿದೋಯ್ತದೆ.”

“ಕೈ ನಂದು. ನೀನು ಬೀಸೋಗು.”

ಕಾಲೂರಿ ಎಳೆದಳು. ಬೇರುಸಮೇತ ಬಂತು. ನೆಲ್ಲಿಯ ಮೇಲೆ ಬಿಸಿಲು ಬಿತ್ತು. ಮರ ಉದ್ದಕ್ಕೆ ಉಸಿರೆಳೆದುಕೊಂಡಿತು.

ಆದರೆ ಪಿಕಳಾರ ಹಕ್ಕಿಯೊಂದು ಲಂಟಾನದ ಕಪ್ಪು ಹಣ್ಣು ನುಂಗಿ ಹಾರಿಯೇ ಹೋಗಿತ್ತು. ನೆಲದಲ್ಲಿ ಬಿದ್ದಿದ್ದ ಲಂಟಾನ ನಕ್ಕಿತು. “ಇಲ್ಲಿ ಕಿತ್ತೆ. ಆ ಹಕ್ಕಿ ಬೀಜ ಉದುರಿಸಿದಲ್ಲೆಲ್ಲ, ಬೆಟ್ಟದ ತುಂಬ ಹುಟ್ಟಿ ಬರ್ತೀನಿ. ಏನು ಮಾಡ್ತೀಯಾ?”

ಕೇತಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಬಾ. ನಾನಿಲ್ದಿದ್ರೆ ನನ್ನ ಮಕ್ಕಳಿರ್ತಾರೆ. ಇನ್ನು ನೀನು ಯಾವ ಬಣ್ಣ ಹೊದ್ದು ಬಂದ್ರೂ ಗುರುತು ಹಿಡೀತಾರೆ.”

ಅದಕ್ಕೇ ಕಂದಾ, ಇವತ್ತಿಗೂ ಲಂಟಾನದ ಒಂದೇ ಗೊಂಚಲಲ್ಲಿ ಎರಡು ಬಣ್ಣ, ದಂಟಿಗೆ ನಾಲ್ಕು ಮೂಲೆ, ಮೈಗೆ ಮುಳ್ಳು, ಎಲೆ ಉಜ್ಜಿದರೆ ನಾತ. ಅದು ಯಾವ ಮರ ಹತ್ತಿ ಕೂತಿದ್ದರೂ, ಬೆಟ್ಟದ ಹೆಣ್ಣುಮಕ್ಕಳು ಕಣ್ಣುಮುಚ್ಚಿ ಮುಟ್ಟಿಯೇ ಗುರುತು ಹಿಡಿದು, ಬುಡಕ್ಕೇ ಕೈ ಹಾಕುತ್ತಾರೆ.